ಮೇಯಲು ಹೋದ ಕುದುರೆ

— ಅಜ್ಜ, ಎದ್ದಿದ್ದೀರಾ? ಒಂದು ವಿಷಯ ಕೇಳಲಿಕ್ಕಿತ್ತು.

— ಎದ್ದೇ ಇದ್ದೇನೆ ಮಾರಾಯ್ತಿ. ಲೋಣಾವಳಾ ಲೋಕಲ್ ಸದ್ದು ಮಾಡಿಕೊಂಡು ಹೋದ ಮೇಲೆ ನನಗೆಲ್ಲಿಯ ನಿದ್ದೆ? ಎಂಥದ್ದು, ಮತ್ತೆ ಕಾಲೇಜಿನ ಕೆಲಸವಾ?

— ಹೌದು. ಒಬ್ಬೊಬ್ಬರಿಗೆ ಒಂದೊಂದು ಊರು ಕೊಟ್ಟಿದ್ದಾರೆ. ಆ ಊರಿಗೆ ಒಂದು ಪ್ರಾಣಿಯ ಶಿಲ್ಪ ಯೋಚಿಸಬೇಕು. ಮಕ್ಕಳು ಅದರ ಸುತ್ತ ಆಡಬೇಕು, ದೊಡ್ಡವರು ‘ಇದು ನಮ್ಮ ಊರಿನದ್ದು’ ಎಂದು ನೆಂಟರಿಗೆ ತೋರಿಸಬೇಕು. ನನಗೆ ಸಿಕ್ಕಿದ್ದು ನಮ್ಮ ತಳೇಗಾಂವ ದಾಭಾಡೆಯೇ.

— ಒಳ್ಳೇದೇ ಆಯ್ತಲ್ಲ.

— ಏನು ಒಳ್ಳೇದು ಅಜ್ಜ? ಮೂರು ದಿನ ಆಯಿತು, ಕಾಗದ ಖಾಲಿ. ಮೊದಲು ಕೆರೆ ಇದೆಯಲ್ಲ ಎಂದು ಕೊಕ್ಕರೆ ಬರೆದೆ. ಕೊಕ್ಕರೆ ಯಾವ ಊರಿನ ಕೆರೆಯಲ್ಲಿಲ್ಲ? ಹರಿದು ಹಾಕಿದೆ. ಆಮೇಲೆ ದಾಭಾಡೆಯವರ ನೆನಪಾಯಿತು. ಸೇನಾಪತಿ ಖಂಡೇರಾವ್, ಅವರ ಹೆಂಡತಿ ಉಮಾಬಾಯಿ, ಊರಿನ ಹೆಸರಿನಲ್ಲೇ ಅವರ ಮನೆತನ ಇದೆ. ಸೇನಾಪತಿ ಎಂದರೆ ಕುದುರೆ ತಾನೇ? ಹಾಗಾಗಿ ಕುದುರೆ ಬರೆಯೋಣ ಅಂತ.

— ಕುದುರೆ ಬರೆದರೆ ಮೇಲೆ ಕೂರುವವರು ಬರ್ತಾರೆ ನೋಡು. ನೀನು ಸುಮ್ಮನೆ ಕುದುರೆ ನಿಲ್ಲಿಸಿದರೆ ಊರಿನವರು ‘ಸವಾರ ಎಲ್ಲಿ’ ಎಂದು ಕೇಳ್ತಾರೆ. ಸವಾರನನ್ನು ಕೂರಿಸಿದೆಯೋ, ಅದು ಅವನ ಪ್ರತಿಮೆ ಆಯ್ತು, ಕುದುರೆ ಅವನ ಕುರ್ಚಿ ಆಯ್ತು.

— ಅದೇ ನನಗೂ ಅನ್ನಿಸಿದ್ದು. ಆಮೇಲೆ ಕಾರ್ಲಾದ ಗುಹೆಗಳಿಗೆ ಹೋಗಿ ಬಂದೆ. ಮಳವಲಿಯಲ್ಲಿ ಇಳಿದು ಬೆಟ್ಟ ಹತ್ತಿದೆ. ದೊಡ್ಡ ಚೈತ್ಯದ ಮುಂದೆ ಎರಡೂ ಬದಿಯ ಗೋಡೆಯಲ್ಲಿ ಆನೆಗಳಿವೆಯಲ್ಲ, ಅವುಗಳನ್ನೇ ತರೋಣ ಎಂದು. ಒಳಗೆ ಹೋದ ಮೇಲೆ ಕಂಬಗಳ ನೆತ್ತಿಯನ್ನು ನೋಡಿದೆ. ನಡುಮನೆಯ ಕಡೆಗೆ ಮೊಣಕಾಲೂರಿದ ಆನೆಗಳು, ಮೇಲೆ ಕೂತ ಗಂಡು ಹೆಣ್ಣು. ಎಲ್ಲರೂ ಅದನ್ನೇ ನೋಡಿ ಫೋಟೋ ತೆಗೆದು ಹೊರಡುತ್ತಾರೆ. ಕಂಬದ ಹಿಂದಿನ ಓಣಿಗೆ ಹೋಗಿ ಕತ್ತೆತ್ತಿದರೆ ಅಲ್ಲಿ ಕುದುರೆಗಳಿವೆ ಅಜ್ಜ! ಕತ್ತಲಿನಲ್ಲಿ, ಗೋಡೆಯ ಕಡೆ ಮುಖ ಮಾಡಿಕೊಂಡು. ಯಾರೂ ನೋಡದ ಕಡೆಯಲ್ಲಿ ಯಾಕೆ ಅಷ್ಟು ಪ್ರೀತಿಯಿಂದ ಕೆತ್ತಿದರೋ.

— ಯಾರು ಮಾಡಿಸಿದ್ದು ಅದು?

— ಅದನ್ನು ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಒಳಗೆ ಹೋಗುವಲ್ಲೇ ಒಂದು ಶಾಸನ ಇದೆ. ವೈಜಯಂತಿಯ ಸೆಟ್ಟಿ ಭೂತಪಾಲ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂದು ಅದರ ಅರ್ಥ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು.

— ಬನವಾಸಿಯಾ? ಎರಡು ಸಾವಿರ ವರ್ಷದ ಹಿಂದೆ? ಹಾಗಾದರೆ ಈ ಘಟ್ಟದ ದಾರಿಯಲ್ಲಿ ವ್ಯಾಪಾರಕ್ಕೆ ಬಂದವರಲ್ಲಿ ನಾವು ಮೊದಲಿನವರಲ್ಲ. ನಾನು ಇದೇ ದಾರಿಯಲ್ಲಿ ರೈಲಿನಲ್ಲಿ ಬೊಂಬಾಯಿಗೆ ಹೋದದ್ದು 1963ರಲ್ಲಿ, ಹನ್ನೆರಡು ವರ್ಷದ ಹುಡುಗ. ಕುಂದಾಪುರದಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಸಣ್ಣ ಹಳಿಯ ಗಾಡಿಯಲ್ಲಿ ಪುಣೆ, ಪುಣೆಯಲ್ಲಿ ದೊಡ್ಡ ಗಾಡಿಗೆ ಬದಲಿಸಿದ್ದು. ತಳೇಗಾಂವ ಬಂದಾಗ ನಾನು ನಿದ್ದೆಯಲ್ಲಿದ್ದಿರಬೇಕು. ಇರಲಿ, ಆ ಕಾರ್ಲಾದ ಕುದುರೆಗಳಿಗೆ ಜನ ಏನಾದರೂ ಹೆಸರಿಟ್ಟಿದ್ದಾರಾ?

— ಹೆಸರಾ? ಇಲ್ಲಪ್ಪ. ಪಕ್ಕದಲ್ಲೇ ಏಕವೀರಾ ದೇವಿ ಇದ್ದಾಳೆ. ಜನ ಬರುವುದು ಅವಳಿಗಾಗಿ. ಮುಂಬೈಯ ಕೋಳಿ ಸಮುದಾಯದ ಮೀನುಗಾರರೆಲ್ಲ ಡೋಲು ಬಾರಿಸಿಕೊಂಡು ಬರುತ್ತಾರೆ. ಆನೆ ಕುದುರೆಗಳನ್ನು ಕೇಳುವವರು ನಮ್ಮಂಥ ವಿದ್ಯಾರ್ಥಿಗಳು.

— ಹಾಗಾದರೆ ಅವು ಇನ್ನೂ ಊರಿನವಾಗಲಿಲ್ಲ. ಹೆಸರು ಬೀಳಬೇಕು ಮಗಾ. ಕಲ್ಲೋ ಕಂಚೋ, ಮಾಡಿಸಿದವನ ಕೈಯಿಂದ ಅದು ದಾರಿಹೋಕನ ಬಾಯಿಗೆ ದಾಟಬೇಕು. ದಾಟಿತೋ, ಆಮೇಲೆ ಅದನ್ನು ಊರಿನಿಂದ ಬಿಡಿಸಲಿಕ್ಕೆ ಯಾರಿಗೂ ಸಾಧ್ಯ ಇಲ್ಲ. ಪ್ರತಿಮೆಯನ್ನೇ ಎತ್ತಿಕೊಂಡು ಹೋದರೂ.

— ಪ್ರತಿಮೆ ಹೋದ ಮೇಲೆ ಏನು ಉಳಿಯುತ್ತದೆ?

— ಬೊಂಬಾಯಿಯಲ್ಲಿ ಕಾಳಾ ಘೋಡಾ ಉಳಿಯಲಿಲ್ಲವಾ?

— ಅದು ಹೇಗೆ? ಅಲ್ಲಿ ಕುದುರೆ ಇದೆಯಲ್ಲ. ಫೆಬ್ರವರಿಯಲ್ಲಿ ಉತ್ಸವಕ್ಕೆ ಹೋದಾಗ ನಾವೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ.

— ನೀನು ನೋಡಿದ್ದು 2017ರಲ್ಲಿ ಬಂದ ಕುದುರೆ. ನಾನು ನೋಡಿದ್ದು ಬೇರೆ. ನನ್ನ ಕುದುರೆಯ ಮೇಲೆ ಒಬ್ಬ ಕೂತಿದ್ದ.

— ಯಾರು?

— ಏಳನೆಯ ಎಡ್ವರ್ಡ್. ಪ್ರತಿಮೆ ಮಾಡಿಸುವಾಗ ಇನ್ನೂ ಪಟ್ಟ ಆಗಿರಲಿಲ್ಲ, ಯುವರಾಜ. 1875ರಲ್ಲಿ ಬೊಂಬಾಯಿಗೆ ಬಂದಿದ್ದನಲ್ಲ, ಅದರ ನೆನಪಿಗೆ ಆಲ್ಬರ್ಟ್ ಅಬ್ದುಲ್ಲಾ ಡೇವಿಡ್ ಸಸೂನ್ ಎಂಬ ಯಹೂದಿ ಸಾಹುಕಾರರು ದುಡ್ಡು ಹಾಕಿ ಮಾಡಿಸಿ ಊರಿಗೆ ಕೊಟ್ಟದ್ದು. ಬಗ್ದಾದಿನಿಂದ ಬಂದ ಮನೆತನ ಅವರದ್ದು. ಹತ್ತಿರದಲ್ಲೇ ಅವರ ತಂದೆಯ ಹೆಸರಿನ ಲೈಬ್ರರಿ ಈಗಲೂ ಉಂಟು. ಶಿಲ್ಪಿ ಜೋಸೆಫ್ ಎಡ್ಗರ್ ಬೋಮ್. 1879ರಲ್ಲಿ ನಿಲ್ಲಿಸಿದರು. ಇಷ್ಟೆಲ್ಲ ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ ಓದಿ. ಆಗ ನಮಗೆ ಗೊತ್ತಿದ್ದದ್ದು ಎರಡೇ ಶಬ್ದ, ಕಾಳಾ ಘೋಡಾ.

— ರಾಜನ ಪ್ರತಿಮೆಗೆ ಕುದುರೆಯ ಹೆಸರು!

— ಅದನ್ನೇ ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಯಾಕೆ ಹಾಗಾಯ್ತು? ಜನಕ್ಕೆ ರಾಜನ ಮೇಲೆ ಸಿಟ್ಟಿತ್ತು, ಅದಕ್ಕೆ ಹಾಗೆ ಕರೆದರು ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ನನ್ನ ಅನುಭವ ಬೇರೆ. ನಾನು ಬೊಂಬಾಯಿಯ ಕೋಟೆ ಬಡಾವಣೆಯಲ್ಲಿ ಒಂದು ಕ್ಯಾಂಟೀನಿನ ಹುಡುಗ. ಒಂದು ಕೈಯಲ್ಲಿ ಚಾದ ಕೆಟ್ಲಿ, ಇನ್ನೊಂದು ಕೈಯಲ್ಲಿ ಆರು ಗ್ಲಾಸು ಕೂರುವ ತಂತಿಯ ಸ್ಟ್ಯಾಂಡು. ದಿನಕ್ಕೆ ಎಂಟು ಸಲ ಆ ವೃತ್ತ ದಾಟುತ್ತಿದ್ದೆ. ಪೀಠ ಎಷ್ಟು ಎತ್ತರ ಇತ್ತೆಂದರೆ, ಬುಡದಲ್ಲಿ ನಿಂತು ಕತ್ತೆತ್ತಿದರೆ ನಮಗೆ ಕಾಣುವುದು ಕುದುರೆಯ ಕಾಲು, ಹೊಟ್ಟೆ, ಮೂಗಿನ ಹೊಳ್ಳೆ. ಸವಾರನ ಮುಖ ಮೇಲೆಲ್ಲೋ ಬಿಸಿಲಿನಲ್ಲಿ. ಅವನು ಮುದುಕನೋ ಪ್ರಾಯದವನೋ, ನನಗೆ ಇವತ್ತಿಗೂ ನೆನಪಿಲ್ಲ. ಕುದುರೆಯ ಹೊಟ್ಟೆಯ ಕೆಳಗೆ ಪಾರಿವಾಳದ ಹಿಕ್ಕೆ ಬಿದ್ದು ಬಿಳಿ ಗೀರು ಹರಿದದ್ದು ನೆನಪುಂಟು. ಮಳೆಗಾಲದಲ್ಲಿ ಕಂಚು ಒದ್ದೆಯಾಗಿ ಕಾಡಿಗೆಯ ಹಾಗೆ ಮಿರುಗುತ್ತಿದ್ದದ್ದು ನೆನಪುಂಟು. ಗಾಡಿಯಲ್ಲಿ ಹೋಗುವವನಿಗೆ, ಎದುರಿನ ಮಾಳಿಗೆಯ ಸಾಹೇಬನಿಗೆ ರಾಜ ಕಂಡಿರಬಹುದು. ಹಮಾಲನಿಗೆ, ಡಬ್ಬಾವಾಲಾನಿಗೆ, ಚಾದ ಹುಡುಗನಿಗೆ ಕಂಡದ್ದು ಕರಿ ಕುದುರೆ. ಹೆಸರಿಟ್ಟವರು ನಡೆದು ಹೋಗುವವರು ಮಗಾ.

— ಇದನ್ನು ಬರೆದುಕೊಳ್ಳುತ್ತೇನೆ ಅಜ್ಜ. ಎಷ್ಟು ಎತ್ತರದಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಜನ ಯಾರನ್ನು ಕಾಣುತ್ತಾರೆ ಎಂಬುದು ನಿಲ್ಲುತ್ತದೆ.

— ಬೈಖಳಾದಲ್ಲಿ ‘ಖಡಾ ಪಾರ್ಸಿ’ ಎಂದುಂಟು, ಕೇಳಿದ್ದೀಯಾ? ಅದೂ ಒಬ್ಬ ದೊಡ್ಡ ಮನುಷ್ಯರ ಪ್ರತಿಮೆಯೇ. ಜನಕ್ಕೆ ಹೆಸರು ಬೇಡ, ಅಲ್ಲೊಬ್ಬ ಪಾರ್ಸಿ ನಿಂತಿದ್ದಾನೆ, ಅಷ್ಟು ಸಾಕು. ಆದರೆ ನಿಂತ ಪಾರ್ಸಿಯ ಮೇಲೆ ಯಾರಿಗೂ ಅಕ್ಕರೆ ಹುಟ್ಟಲಿಲ್ಲ. ಕುದುರೆಯ ಮೇಲೆ ಹುಟ್ಟಿತು. ಪ್ರಾಣಿ ಆದರೆ ಹಾಗೆ. ಅದು ಯಾರ ಜಾತಿಯದ್ದೂ ಅಲ್ಲ, ಯಾವ ಭಾಷೆಯದ್ದೂ ಅಲ್ಲ. ನಾವು ಕನ್ನಡದ ಹುಡುಗರು, ಪಕ್ಕದ ಇರಾನಿ ಹೋಟೆಲಿನವರು, ಭಯ್ಯಾಗಳು, ಮರಾಠಿಯವರು, ಎಲ್ಲರೂ ಅದರ ಬುಡದಲ್ಲಿ ಕೂತು ಬೆವರು ಒರೆಸಿದವರೇ. ರಾತ್ರಿ ಶಾಲೆ ಮುಗಿದ ಮೇಲೆ ನಾವು ಸೇರುತ್ತಿದ್ದದ್ದೂ ಅಲ್ಲಿಯೇ.

— ಕನ್ನಡದ ರಾತ್ರಿ ಶಾಲೆ ಅಲ್ಲವಾ?

— ಹೌದು, ಕೋಟೆಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹೋಟೆಲ್ ಮಾಣಿಗಳು, ಕ್ಯಾಂಟೀನಿನವರು, ಹಗಲು ಲೋಟ ತೊಳೆದು ಸಂಜೆ ಸ್ಲೇಟು ಹಿಡಿದವರು. ನಾನು ಮೆಟ್ರಿಕ್ ಆದದ್ದು, ಬ್ಯಾಂಕು ಸೇರಿದ್ದು, ಕೊನೆಗೆ ಇಲ್ಲಿ ಮನೆ ಮಾಡಿದ್ದು, ಎಲ್ಲ ಆ ಶಾಲೆಯಿಂದ. ಅದು ಬಿಡು, ಅದನ್ನು ಹೇಳಲಿಕ್ಕೆ ಹೊರಟರೆ ಇವತ್ತು ಮುಗಿಯುವುದಿಲ್ಲ. ಕುದುರೆಯ ಎದುರಿಗೆ ಜಹಾಂಗೀರ್ ಆರ್ಟ್ ಗ್ಯಾಲರಿ ಉಂಟಲ್ಲ?

— 1952ರದ್ದು.

— ಸರ್ ಕಾವಸ್‌ಜಿ ಜಹಾಂಗೀರ್ ಅದನ್ನು ಕಟ್ಟಿಸಬೇಕಾದರೆ ಹಿಂದೆ ನಿಂತು ಒತ್ತಾಯಿಸಿದ ಇಬ್ಬರು ಯಾರು ಗೊತ್ತುಂಟಾ? ಒಬ್ಬರು ಹೋಮಿ ಭಾಭಾ. ಇನ್ನೊಬ್ಬರು ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಉಡುಪಿ ಹತ್ತಿರದ ಹಳ್ಳಿಯಿಂದ ಹೋದವರು! ನಾನು ಚಾ ಹಿಡಿದುಕೊಂಡು ಆ ಮೆಟ್ಟಿಲು ಹತ್ತುವಾಗ ಇದು ಗೊತ್ತಿದ್ದಿದ್ದರೆ ಇನ್ನೆರಡು ಇಂಚು ಎತ್ತರವಾಗಿ ನಡೆಯುತ್ತಿದ್ದೆ.

— ಎದುರಿನ ವಾಟ್ಸನ್ ಹೋಟೆಲಿನ ಬಗ್ಗೆ ನಮಗೆ ಪಾಠ ಇತ್ತು. ನಮ್ಮ ದೇಶದಲ್ಲಿ ಮೊದಲ ಸಿನಿಮಾ ತೋರಿಸಿದ್ದು ಅಲ್ಲಿಯೇ, 1896ರ ಜುಲೈಯಲ್ಲಿ, ಲ್ಯೂಮಿಯೇರ್ ಸಹೋದರರದ್ದು. ಆಗ ಕುದುರೆಗೆ ಹದಿನೇಳು ವರ್ಷ! ಇರಲಿ, ಕುದುರೆ ಯಾವಾಗ ಹೋಯಿತು?

— 1965. ನಾನು ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದೆ. ವಾಪಸು ಬಂದು ಕೆಟ್ಲಿ ಹಿಡಿದು ಹೊರಟರೆ ಕುದುರೆ ಇಲ್ಲ. ಸ್ವಾತಂತ್ರ್ಯ ಬಂದು ಹದಿನೆಂಟು ವರ್ಷ ಆಗಿತ್ತು, ರಾಜರು ರಾಣಿಯರು ರಸ್ತೆಯ ನಡುವೆ ಬೇಡ ಎಂದು ತೆಗೆಯುತ್ತಿದ್ದರು. ಅದು ಸರಿಯೇ. ನಮ್ಮನ್ನು ಆಳಿದವನು ನಮ್ಮ ತಲೆಯ ಮೇಲೆ ಯಾಕೆ ಕೂರಬೇಕು? ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕುದುರೆ ಏನು ಮಾಡಿತ್ತು?

— ಎಲ್ಲಿಗೆ ಒಯ್ದರು?

— ಬೈಖಳಾದ ರಾಣಿ ಬಾಗಿಗೆ. ಸವಾರನೊಟ್ಟಿಗೇ.

— ಅಯ್ಯೋ, ಅಲ್ಲಿಗೆ ನಾವು ಶಾಲೆಯಿಂದ ಪೆಂಗ್ವಿನ್ ನೋಡಲು ಹೋಗಿದ್ದೆವು! ಒಂದು ಕುದುರೆ ಸವಾರ ಕಂಡ ಹಾಗೆ ನೆನಪು. ಅದೇ ಕಾಳಾ ಘೋಡಾ ಎಂದು ಯಾರೂ ಹೇಳಲಿಲ್ಲ.

— ಹೇಳುವುದಿಲ್ಲ. ಅದೇ ಇದರಲ್ಲಿರುವ ಸ್ವಾರಸ್ಯ. ಕಂಚು ಬೈಖಳಾಕ್ಕೆ ಹೋಯ್ತು, ಹೆಸರು ಹೋಗಲಿಲ್ಲ. ಹೆಸರು ಕೋಟೆಯಲ್ಲೇ ಕೂತಿತು. ಕುದುರೆ ನಿಂತಿದ್ದ ಜಾಗದಲ್ಲಿ ಕಾರು ನಿಲ್ಲಿಸಲಿಕ್ಕೆ ಶುರು ಮಾಡಿದರು. ಆದರೂ ಟ್ಯಾಕ್ಸಿಯವನಿಗೆ ‘ಕಾಳಾ ಘೋಡಾ’ ಎಂದರೆ ಅಲ್ಲಿಯೇ ತಂದು ಇಳಿಸುತ್ತಿದ್ದ. ಕುದುರೆಯನ್ನು ಕಣ್ಣಿಂದ ನೋಡದವರು, 1965ರ ಮೇಲೆ ಹುಟ್ಟಿದವರು ಕೂಡ ಹಾಗೆಯೇ ಹೇಳಿದರು. ಅರುಣ್ ಕೊಲಟ್ಕರ್ ಅಲ್ಲಿಯ ವೇಸೈಡ್ ಇನ್ನಿನಲ್ಲಿ ಕೂತು ಆ ಬೀದಿಯವರ ಮೇಲೆ ಬರೆದ ಕವಿತೆಗಳ ಪುಸ್ತಕ 2004ರಲ್ಲಿ ಬಂತು. ‘ಕಾಳಾ ಘೋಡಾ ಪೊಯಮ್ಸ್’ ಎಂದೇ ಹೆಸರು. ಆಗ ಕುದುರೆ ಇಲ್ಲದೆ ಮೂವತ್ತೊಂಬತ್ತು ವರ್ಷ ಆಗಿತ್ತು.

— ಉತ್ಸವ ಶುರುವಾದದ್ದು 1999ರಲ್ಲಿ. ಅದೂ ಇಲ್ಲದ ಕುದುರೆಯ ಹೆಸರಿನಲ್ಲಿ. ಹಾಗಾದರೆ ನಿಜವಾದ ಕಾಳಾ ಘೋಡಾ ಯಾವುದು ಅಜ್ಜ? ಬೈಖಳಾದ ಹಳೇ ಕಂಚಾ, ಕೋಟೆಯ ಹೊಸದಾ?

— ನೀನು ಹೇಳು. ಓದಿದವಳು ನೀನು.

— ನಮ್ಮ ಕಾಲೇಜಿನಲ್ಲಾದರೆ ಹಳೆಯದೇ ಮೂಲ ಎನ್ನುತ್ತಾರೆ. ಶಿಲ್ಪಿಯ ಕೈ ಬಿದ್ದದ್ದು ಅದರ ಮೇಲೆ. ಆದರೆ ನೀವು ಹೇಳಿದ್ದನ್ನು ಕೇಳಿದ ಮೇಲೆ ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ಅಲ್ಲಿ ಕುದುರೆ ಇದೆ, ಹೆಸರಿಲ್ಲ. ಇಲ್ಲಿ ಹೆಸರಿತ್ತು, ಕುದುರೆ ಇರಲಿಲ್ಲ.

— ರಾಣಿ ಬಾಗಿನಲ್ಲಿ ಮ್ಯೂಸಿಯಮ್ಮಿನ ಹೊರಗೆ ಒಂದು ಕಲ್ಲಾನೆ ನೋಡಿದ್ದೀಯಾ?

— ಭಾವು ದಾಜಿ ಲಾಡ್ ಮ್ಯೂಸಿಯಂ ಹತ್ತಿರವಾ? ಹೌದು, ದೊಡ್ಡದು. ತುಂಡು ತುಂಡು ಜೋಡಿಸಿದ ಹಾಗಿದೆ.

— ಜೋಡಿಸಿದ್ದೇ. ಅದು ಘಾರಾಪುರಿ ದ್ವೀಪದ ಆನೆ. ಪೋರ್ಚುಗೀಸರು ಬಂದಾಗ ದ್ವೀಪದಲ್ಲಿ ಅವರಿಗೆ ಕಂಡದ್ದು ಆ ಕಲ್ಲಾನೆ, ಅದಕ್ಕೇ ದ್ವೀಪಕ್ಕೆ ಎಲಿಫೆಂಟಾ ಎಂದರು. ಒಳಗೆ ಗುಹೆಯಲ್ಲಿ ಮೂರು ಮುಖದ ಶಿವ ಅಷ್ಟು ಎತ್ತರಕ್ಕೆ ನಿಂತಿದ್ದಾನೆ, ಹೆಸರು ಮಾತ್ರ ಹೊರಗಿನ ಆನೆಗೆ! 1814ರಲ್ಲಿ ಅದರ ತಲೆ ಕುತ್ತಿಗೆ ಕಳಚಿ ಬಿತ್ತು. 1864ರಲ್ಲಿ ದ್ವೀಪದಿಂದ ತೆಗೆದು ತಂದರು. 1914ರಲ್ಲಿ ತುಂಡುಗಳನ್ನು ಕೂಡಿಸಿ ನಿಲ್ಲಿಸಿದರು. ಆನೆ ದ್ವೀಪ ಬಿಟ್ಟು ನೂರಾ ಅರವತ್ತು ವರ್ಷ ಆಯ್ತು. ದೋಣಿಯವನು ಈಗಲೂ ‘ಎಲಿಫೆಂಟಾ, ಎಲಿಫೆಂಟಾ’ ಎಂದೇ ಕೂಗುತ್ತಾನೆ.

— ಹಾಗಾದರೆ ಒಂದೇ ತೋಟದಲ್ಲಿ ಒಂದು ಆನೆ, ಒಂದು ಕುದುರೆ. ಎರಡೂ ತಮ್ಮ ಹೆಸರನ್ನು ಹಿಂದೆ ಬಿಟ್ಟು ಬಂದವು!

— ನಾನು ಬ್ಯಾಂಕಿನಲ್ಲಿದ್ದಾಗ ಕೆಲವು ಭಾನುವಾರ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಎರಡನ್ನೂ ನೋಡಿ ಬರುವುದು. ಊರಿನವರನ್ನು ಆಸ್ಪತ್ರೆಗೆ ಹೋಗಿ ಮಾತಾಡಿಸಿ ಬಂದ ಹಾಗೆ ಆಗುತ್ತಿತ್ತು.

— ಬಸವನಗುಡಿಯದ್ದೂ ಹೀಗೇ ಅಲ್ಲವಾ? ಅತ್ತೆಯ ಮನೆಗೆ ಹೋದಾಗ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿದ್ದರು. ಬಡಾವಣೆಗೇ ಬಸವನ ಹೆಸರು.

— ಅಲ್ಲಿ ಹೆಸರೂ ಇದ್ದಲ್ಲೇ ಉಂಟು, ಬಸವನೂ ಇದ್ದಲ್ಲೇ ಉಂಟು. ಪುಣ್ಯ ಮಾಡಿದ ಊರು. ಆದರೆ ನನಗೆ ಅಲ್ಲಿಯ ಕಥೆ ಇಷ್ಟ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯವರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ರಾತ್ರಿ ಒಂದು ಬಸವ ಬಂದು ಮೇಯುವುದು. ಒಬ್ಬ ರೈತ ಸಿಟ್ಟಿನಲ್ಲಿ ದೊಣ್ಣೆ ತೆಗೆದುಕೊಂಡು ಬಡಿದ, ಬಸವ ಅಲ್ಲೇ ಕಲ್ಲಾಯ್ತು. ಕಲ್ಲಾದದ್ದು ಸುಮ್ಮನಿರಬೇಕಾ? ಬೆಳೆಯಲಿಕ್ಕೆ ಶುರು ಮಾಡಿತಂತೆ, ನೆತ್ತಿಗೆ ತ್ರಿಶೂಲ ಇಟ್ಟ ಮೇಲೆಯೇ ನಿಂತದ್ದು. ಹೊಡೆದೆವಲ್ಲ ಎಂದು ಹೊಟ್ಟೆ ಚುರುಕ್ ಎಂದು, ಪ್ರತಿ ಕಾರ್ತಿಕದ ಕಡೇ ಸೋಮವಾರ ಮೊದಲ ಬೆಳೆ ಅವನಿಗೇ. ನೋಡು, ಕದ್ದು ತಿಂದವನಿಗೆ ಕರೆದು ತಿನ್ನಿಸುವುದು. ಜನ ಒಂದು ಕಲ್ಲನ್ನು ಪ್ರೀತಿಸಬೇಕಾದರೆ ಅದಕ್ಕೆ ಸ್ವಲ್ಪ ತುಂಟತನ ಬೇಕು. ಹಸಿವೂ ಬೇಕು.

— ನಮಗೆ ಕ್ಲಾಸಿನಲ್ಲಿ ಗ್ಲಾಸ್ಗೋ ಊರಿನ ಒಂದು ಉದಾಹರಣೆ ಕೊಟ್ಟರು ಅಜ್ಜ. ಅಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಕುದುರೆಯ ಮೇಲೆ ಕೂತ ಪ್ರತಿಮೆ, 1844ರದ್ದು. ರಸ್ತೆಗೆ ಅಡ್ಡ ಇಡುವ ಕೆಂಪು ಕೋನ್ ಇದೆಯಲ್ಲ, ಅದನ್ನು ಯಾರೋ ರಾತ್ರಿ ಹತ್ತಿ ಡ್ಯೂಕನ ತಲೆಗೆ ಟೋಪಿಯ ಹಾಗೆ ಇಟ್ಟು ಹೋಗುತ್ತಾರೆ. ತೆಗೆದರೆ ಮತ್ತೆ ಬರುತ್ತದೆ. 2013ರಲ್ಲಿ ನಗರಸಭೆಯವರು ಪೀಠವನ್ನೇ ಎತ್ತರ ಮಾಡಲು ಹೊರಟರು, ಊರಿನವರು ಬಿಡಲಿಲ್ಲ. ಈಗ ಆ ಟೋಪಿಯೇ ಊರಿನ ಗುರುತು. ಕೆಲವೊಮ್ಮೆ ಕುದುರೆಗೂ ಒಂದು ಇಡುತ್ತಾರಂತೆ.

— ಪೀಠ ಎತ್ತರ ಮಾಡಲು ಹೊರಟರಾ! ನೋಡಿದೆಯಾ? ಎಲ್ಲ ಕಡೆಯೂ ಜಗಳ ಆ ಎತ್ತರದ್ದೇ.

— ಆದರೆ ಅಲ್ಲಿಯ ಜನರ ಆಟ ಸವಾರನೊಟ್ಟಿಗೆ. ನಿಮ್ಮ ಮುಂಬೈಯವರು ಸವಾರನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಿಲ್ಲ ಅಜ್ಜ. ಹೆಸರು ಜನರೇ ಇಡಬೇಕು, ಪ್ರಾಣಿಯನ್ನು ಜನರೇ ಆರಿಸಬೇಕು ಎನ್ನುತ್ತೀರಿ. 2017ರ ಕುದುರೆಯನ್ನು ಕಾಳಾ ಘೋಡಾ ಅಸೋಸಿಯೇಷನ್ ಮಾಡಿಸಿದ್ದಲ್ಲವಾ? ಆಲ್ಫಾಜ್ ಮಿಲ್ಲರ್ ವಿನ್ಯಾಸ, ಶ್ರೀಹರಿ ಭೋಸ್ಲೆ ಶಿಲ್ಪ. ಸಸೂನ್ ಮಾಡಿಸಿದ ಹಾಗೆಯೇ ಇದೂ ಕೆಲವರು ಸೇರಿ ಮಾಡಿಸಿದ್ದೇ ತಾನೇ?

— ಮಾಡಿಸಿದ್ದು ಹೌದು. ಆದರೆ ಸಸೂನ್ ಸಾಹುಕಾರರು ಮೊದಲು ಪ್ರತಿಮೆ ನಿಲ್ಲಿಸಿದರು, ಹೆಸರು ಆಮೇಲೆ ಹುಟ್ಟಿತು. ಈ ಸಲ ಹೆಸರು ನೂರು ವರ್ಷಕ್ಕೂ ಮೊದಲೇ ಹುಟ್ಟಿತ್ತು. ಐವತ್ತೆರಡು ವರ್ಷ ಖಾಲಿ ಜಾಗದಲ್ಲಿ ಕಾದು ಕೂತು, ಕಡೆಗೆ ತನ್ನ ಕುದುರೆಯನ್ನು ತಾನೇ ಕರೆಸಿಕೊಂಡಿತು. ಅವರಿಗೆ ಬೇಕಿದ್ದರೆ ಮೇಲೆ ಯಾರನ್ನಾದರೂ ಕೂರಿಸಬಹುದಿತ್ತು. ಕೂರಿಸಿದರಾ? ಇಲ್ಲ. ಬರಿ ಕುದುರೆ. ಹಮಾಲರು, ಚಾದ ಹುಡುಗರು 1879ರಿಂದ ಕಂಡದ್ದು ಏನೋ, ಅದನ್ನೇ ಮಾಡಿಸಿದರು. ಸವಾರನನ್ನು ಬೈಖಳಾದಲ್ಲಿ ಕೆಡವಿ, ಕುದುರೆ ಒಂದೇ ನಡೆದುಕೊಂಡು ಬಂದ ಹಾಗೆ ಉಂಟು.

— ಐವತ್ತೆರಡು ವರ್ಷ ನಡೆದು!

— ನಮ್ಮ ಅಮ್ಮ ಮೊದಲೇ ಹೇಳಿದ್ದಳು.

— ಮುತ್ತಜ್ಜಿಯಾ? ಅವರು ಕಾಳಾ ಘೋಡಾ ನೋಡಿದ್ದರಾ?

— ಆ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಉಂಟು, ತಾ. ನಿಧಾನ, ಮುಚ್ಚಳ ಹರಿತ ಉಂಟು. ಹಾಂ, ಇದು ನೋಡು. ಇನ್‌ಲ್ಯಾಂಡ್. ಮಡಿಕೆಯಲ್ಲಿ ಹರಿದಿದೆ, ಪೂರ್ತಿ ಬಿಡಿಸಬೇಡ. ವಿಳಾಸ ಓದು.

— ‘...ಕ್ಯಾಂಟೀನ್, ಕಾಳಾ ಘೋಡಾ ಹತ್ತಿರ, ಕೋಟೆ, ಬೊಂಬಾಯಿ 1.’ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಮುದ್ರೆಯಲ್ಲಿ 1967 ಎಂದಿದೆ. ಕುದುರೆ ಹೋಗಿ ಎರಡು ವರ್ಷದ ಮೇಲೆ!

— ಪಿನ್ ಕೋಡ್ ಬರುವ ಮೊದಲಿನ ಕಾಲ. ಇಲ್ಲದ ಕುದುರೆಯ ಗುರುತು ಹಿಡಿದು ಅಂಚೆಯವನು ನನಗೆ ಅಮ್ಮನ ಕಾಗದ ತಂದುಕೊಟ್ಟ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹೇಳಿ, ಶಾಲೆಯ ಮೇಷ್ಟ್ರು ಬರೆದದ್ದು. ಕೊನೆಯ ಸಾಲು ನೋಡು.

— ‘ಕರಿ ಕುದುರೆ ಹೇಗುಂಟು? ಮಳೆಗೆ ಒಳಗೆ ಕಟ್ಟುತ್ತೀರಾ?’ ಅಜ್ಜ! ಅವರು ನಿಜವಾದ ಕುದುರೆ ಎಂದು ತಿಳಿದಿದ್ದರಾ?

— ಹೌದು ಮಗಾ. ನಾನು ಮೊದಲ ಕಾಗದದಲ್ಲಿ ‘ಕಾಳಾ ಘೋಡಾ, ಅಂದರೆ ಕರಿ ಕುದುರೆಯ ಹತ್ತಿರ ಕೆಲಸ ಸಿಕ್ಕಿದೆ’ ಎಂದು ಬರೆದಿದ್ದೆ. ಧಣಿಯ ಕುದುರೆ, ಅದನ್ನು ನೋಡಿಕೊಳ್ಳುವ ಕೆಲಸವೂ ನನಗೇ ಎಂದು ಅವಳು ತಿಳಿದಳು. ಪ್ರತಿ ಕಾಗದದಲ್ಲೂ ಕುದುರೆಯ ಕ್ಷೇಮ ಕೇಳಲೇಬೇಕು. ಒಂದು ಸಲ ಊರಿನಿಂದ ಬರುವವರ ಕೈಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ಎರಡು ಸೇರು ಹುರುಳಿ ಕಳಿಸಿದಳು. ‘ಇದು ಕುದುರೆಗೆ, ನೀವು ತಿನ್ನಬೇಡಿ’ ಎಂದು ಹೇಳಿ ಕಳಿಸಿದ್ದಳಂತೆ. ಮನೆಯಲ್ಲಿ ಗಂಜಿಗೆ ಅಕ್ಕಿ ಸಾಲದ ಕಾಲ ಅದು.

— ನೀವು ಏನು ಮಾಡಿದಿರಿ?

— ಅಡುಗೆ ಭಟ್ಟರು ಹುರುಳಿ ಸಾರು ಮಾಡಿದರು, ನಾವು ಎಂಟು ಜನ ಹುಡುಗರು ಉಂಡೆವು. ಬೊಂಬಾಯಿಯಲ್ಲಿ ನಾನು ಹೊಟ್ಟೆ ತುಂಬಾ ಉಂಡ ಊಟಗಳಲ್ಲಿ ಅದು ಒಂದು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ, ಕುದುರೆಯದ್ದನ್ನು ತಿಂದೆವಲ್ಲ ಎಂದು. ಕಂಚಿನದ್ದು ಎಂದು ಗೊತ್ತಿತ್ತು. ಆದರೂ.

— ನಿಜ ಹೇಳಲೇ ಇಲ್ಲವಾ ಮುತ್ತಜ್ಜಿಗೆ?

— ಹೇಗೆ ಹೇಳುವುದು? ನನ್ನನ್ನು ಕಳಿಸಿದ ಮೇಲೆ ಅವಳಿಗೆ ಅಷ್ಟು ದೂರದ ಊರಿನಲ್ಲಿ ಗೊತ್ತಿದ್ದದ್ದು ಎರಡೇ ಜೀವ, ಒಂದು ನಾನು, ಇನ್ನೊಂದು ಆ ಕುದುರೆ. ಅಕ್ಕನ ಮದುವೆಗೆ ಹೋದಾಗಲೂ ಕೇಳಿದಳು, ಚೆನ್ನಾಗುಂಟು ಎಂದೆ. ಬಂದು ನೋಡಿದರೆ ಇಲ್ಲ. ಅದನ್ನು ಬರೆಯಲಿಕ್ಕೆ ಕೈ ಬರಲಿಲ್ಲ. 1974ರಲ್ಲಿ ಕಣ್ಣಿನ ಪೊರೆ ತೆಗೆಸಲಿಕ್ಕೆ ಅವಳನ್ನೇ ಕರೆದುಕೊಂಡು ಬಂದೆ. ಪಟ್ಟಿ ಬಿಚ್ಚಿದ ಮೇಲೆ ಸಮುದ್ರ ತೋರಿಸಿದೆ, ಮಹಾಲಕ್ಷ್ಮಿ ತೋರಿಸಿದೆ. ‘ಕುದುರೆ ತೋರಿಸು’ ಎಂದಳು.

— ಅಯ್ಯೋ.

— ಕರೆದುಕೊಂಡು ಹೋದೆ. ಏನು ಮಾಡುವುದು? ಬಸ್ಸಿನಿಂದ ಇಳಿದು ಆ ಜಾಗದಲ್ಲಿ ನಿಲ್ಲಿಸಿದೆ. ಸುತ್ತ ಫಿಯಟ್ ಕಾರುಗಳು ನಿಂತಿವೆ. ‘ಇದೇ ಜಾಗ ಅಮ್ಮ, ಕಾಳಾ ಘೋಡಾ’ ಎಂದೆ. ಮುಂದೆ ಮಾತು ಹೊರಡಲಿಲ್ಲ. ಅವಳು ಹೊಸ ಕನ್ನಡಕದಲ್ಲಿ ಸುತ್ತ ನೋಡಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ತುಂಬಾ ಹೊತ್ತು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಹೇಳಿದ್ದು ಇಷ್ಟೇ: ‘ಮೇಯಲಿಕ್ಕೆ ಹೋಗಿರಬೇಕು. ಬರ್ತದೆ ಬಿಡು.’

— ...

— ಅಳುವುದೆಂಥದ್ದು? ಮೂಗು ಒರೆಸಿಕೋ. ಅವಳು ಹೇಳಿದ್ದು ಸುಳ್ಳಲ್ಲವಲ್ಲ. ಕುದುರೆ ನಿಜವಾಗಿಯೂ ತೋಟದಲ್ಲಿತ್ತು, ಹುಲ್ಲಿನ ನಡುವೆ.

— ಮತ್ತೆ ಬಂತು ಕೂಡ.

— ಬಂತು. ಪೇಪರಿನಲ್ಲಿ ಓದಿದೆ, ಮರುದಿನ ಬೆಳಿಗ್ಗೆಯೇ ಹೊರಟೆ. ನಿನ್ನ ಅಜ್ಜಿ ಆಗ ಇದ್ದಳು, ‘ಈ ಮೊಣಕಾಲು ಇಟ್ಟುಕೊಂಡು ಬೊಂಬಾಯಿಗೆ ಯಾಕೆ’ ಎಂದು ಬೈದಳು. ಬ್ಯಾಂಕಿನ ಕೆಲಸ ಎಂದೆ. ವಿ.ಟಿ.ಯಲ್ಲಿ ಇಳಿದು ನಡೆದುಕೊಂಡೇ ಹೋದೆ. ದೂರದಿಂದಲೇ ಕಂಡಿತು, ಕಪ್ಪು. ಬೆನ್ನ ಮೇಲೆ ಯಾರೂ ಇಲ್ಲ, ಮೇಲೆ ಆಕಾಶ ಮಾತ್ರ. ಬುಡದಲ್ಲಿ ಒಬ್ಬಳು ತಾಯಿ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು, ಇಬ್ಬರು ಕಾಲೇಜು ಹುಡುಗರು ಫೋಟೋ ತೆಗೆಯುತ್ತಿದ್ದರು. ನಾನು ಸ್ವಲ್ಪ ಹೊತ್ತು ಆಚೆ ನಿಂತೆ, ಜನ ಕಡಿಮೆಯಾಗಲಿ ಎಂದು.

— ಯಾಕೆ?

— ಕಿಸೆಯಲ್ಲಿ ಒಂದು ಹಿಡಿ ಹುರುಳಿ ಇತ್ತು.

— ಅಜ್ಜ...

— ಹಾಕಿದೆ. ಪೀಠದ ಅಂಚಿನಲ್ಲಿ, ಮುಂದಿನ ಕಾಲಿನ ಹತ್ತಿರ.

— ಆಮೇಲೆ?

— ಆಮೇಲೆಂಥದ್ದು? ಪಾರಿವಾಳಗಳು ಬಂದವು. ನೀನು ಆ ಡಬ್ಬದ ಮುಚ್ಚಳ ಹಾಕಿ ಇಡು. ಪೆನ್ಸಿಲ್ ತಾ ಇತ್ತ, ಆ ಕಾರ್ಲಾದ ಕತ್ತಲೆಯ ಕುದುರೆಗಳು ಹೇಗಿವೆ ಎಂದು ನನಗೊಮ್ಮೆ ಬರೆದು ತೋರಿಸು.